ಕಳೆದುಹೋದ ರಿಮೋಟು

ಮಕ್ಕಳೇ, ನಮ್ಮ ಮನೆಯ ಕಾರಿಗೆ ಈಗ ಹದಿನಾಲ್ಕು ವರ್ಷ. ಅದಕ್ಕೊಂದು ಅಲಾರಂ ಇದೆ. ಕಾರಿನ ಜೊತೆ ಬಂದದ್ದಲ್ಲ, ಮಗ ಅಂಗಡಿಯಲ್ಲಿ ಹಾಕಿಸಿದ್ದು. ರಿಮೋಟಿನ ಗುಂಡಿ ಒತ್ತಿದರೆ ‘ಕುಯ್ಕ್’ ಎಂದು ಬೀಗ ಬೀಳುತ್ತದೆ. ಆಮೇಲೆ ರಿಮೋಟು ಒತ್ತದೆ ಬರೀ ಕೀಲಿಯಿಂದ ಬಾಗಿಲು ತೆಗೆದಿರೋ, ಇಡೀ ಬೀದಿ ಎದ್ದು ಬರುವಂತೆ ಕೂಗಿಕೊಳ್ಳುತ್ತದೆ.

ಹೋದ ತಿಂಗಳು ಆ ರಿಮೋಟು ಕಾಣೆಯಾಯಿತು. ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದ್ದ ವಸ್ತು. ಸೋಫಾ ಸಂದಿ, ಅಂಗಿ ಜೇಬು, ದೇವರ ಮನೆಯ ಗೂಡು, ಎಲ್ಲ ಹುಡುಕಿದ್ದಾಯಿತು. ಎರಡನೆಯ ರಿಮೋಟು ಬೀರುವಿನಲ್ಲೇನೋ ಇತ್ತು, ಆದರೆ ಸೆಲ್ಲು ಒಳಗೇ ಸೋರಿ ಕಿಲುಬು ಹಿಡಿದಿತ್ತು. ಅಜ್ಜ-ಅಜ್ಜಿಯರೇ, ಎತ್ತಿಟ್ಟ ರಿಮೋಟಿನಿಂದ ಸೆಲ್ಲು ತೆಗೆದಿಡಿ. ಗುಂಡಿಯಂಥ ಸೆಲ್ಲಾದರೆ ಪುಟ್ಟ ಮಕ್ಕಳ ಕೈಗೆ ಸಿಗದ ಹಾಗಿಡಿ. ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡಬಲ್ಲದು.

ಬೆಳಿಗ್ಗೆ ಕಾರು ಒರೆಸಲು ಒಬ್ಬ ಹುಡುಗ ಬರುತ್ತಾನೆ. ‘ರಿಮೋಟು ಎಲ್ಲಾದರೂ ಕಂಡಿತೇನಪ್ಪಾ?’ ಎಂದು ಕೇಳಿದ್ದರೆ ತಪ್ಪಿರಲಿಲ್ಲ. ನಾನು ಕೇಳಿದ್ದೇ ಬೇರೆ. ‘ನಿನ್ನ ಬಿಟ್ಟು ಕಾರಿನ ಹತ್ರ ಇನ್ಯಾರು ಬರ್ತಾರೆ?’ ಎಂದುಬಿಟ್ಟೆ. ಅವನು ಬಕೆಟ್ಟು ಕೆಳಗಿಟ್ಟು, ‘ನಂಗೊತ್ತಿಲ್ಲ ಸಾರ್’ ಎಂದ. ಮರುದಿನ ಬರಲಿಲ್ಲ. ‘ನೋಡು, ನಾನು ಹೇಳಲಿಲ್ವಾ?’ ಎಂದು ನನ್ನಾಕೆಯ ಮುಂದೆ ಜಂಬ ಬೇರೆ ಕೊಚ್ಚಿಕೊಂಡೆ.

ಅಲಾರಂ ಹಾಕಿದ ಅಂಗಡಿಗೆ ಹೋಗಿ ಹೊಸ ಜೋಡಿ ರಿಮೋಟು ತಂದೆ. ತಂದ ಕೂಡಲೇ ಅದು ಕೆಲಸ ಮಾಡುವುದಿಲ್ಲ. ‘ಇವನು ನಮ್ಮವನು’ ಎಂದು ಕಾರಿಗೆ ಗುರುತು ಹೇಳಿಕೊಡಬೇಕು. ಬ್ಯಾಂಕಿನಲ್ಲಿ ಖಾತೆ ತೆರೆದವರ ಮಾದರಿ ಸಹಿ ಇಟ್ಟುಕೊಳ್ಳುತ್ತಿದ್ದೆವಲ್ಲ, ಹಾಗೆ.

ಇದರಲ್ಲೊಂದು ಜಾಣತನವಿದೆ, ಕೇಳಿ. ಹಳೆಯ ಕಾಲದ ರಿಮೋಟುಗಳು ಪ್ರತಿ ಸಲವೂ ಒಂದೇ ಸಂಖ್ಯೆಯನ್ನು ರೇಡಿಯೋ ಅಲೆಯಲ್ಲಿ ಕಳಿಸುತ್ತಿದ್ದವು. ಕಳ್ಳ ಅದನ್ನು ಹಿಡಿದಿಟ್ಟುಕೊಂಡು ಮತ್ತೆ ಕಳಿಸಿದರೆ ಬಾಗಿಲು ತೆರೆಯುತ್ತಿತ್ತು. ದಕ್ಷಿಣ ಆಫ್ರಿಕಾದಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಕೀಲಾಕ್’ನಂಥ ಪದ್ಧತಿಯಲ್ಲಿ ಒತ್ತಿದಾಗಲೆಲ್ಲ ಹೊಸ ಸಂಖ್ಯೆ. ಚೆಕ್ಕು ಇದ್ದ ಹಾಗೆ. ಒಮ್ಮೆ ಹಣ ಕೊಟ್ಟ ನಂಬರಿನ ಚೆಕ್ಕನ್ನು ಮತ್ತೆ ತಂದರೆ ಯಾವ ಗುಮಾಸ್ತನೂ ಪಾಸು ಮಾಡುವುದಿಲ್ಲ. ಕಾರಿನಿಂದ ದೂರ ಕೂತು ಸುಮ್ಮನೆ ಒತ್ತುತ್ತಿದ್ದರೆ ರಿಮೋಟಿನ ಲೆಕ್ಕ ಮುಂದೆ ಓಡುತ್ತದೆ, ಕಾರಿನ ಲೆಕ್ಕ ಹಿಂದೆಯೇ ಉಳಿಯುತ್ತದೆ. ಕೀಲಾಕ್‌ನಲ್ಲಿ ಸಾಮಾನ್ಯವಾಗಿ 16 ಸಂಖ್ಯೆ ಮುಂದಿದ್ದರೂ ಕಾರು ಒಪ್ಪಿಕೊಳ್ಳುತ್ತದೆ. ಅದಕ್ಕಿಂತ ಮುಂದೆ ಹೋಗಿದ್ದರೆ ಎರಡು ಸಲ ಒತ್ತಿ ಲೆಕ್ಕ ಸರಿಮಾಡಬೇಕು. ಹಾಗಾಗಿ ರಿಮೋಟು ಆಟದ ಸಾಮಾನಲ್ಲ!

ಭಾನುವಾರ ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಕೀಲಿಯಿಂದ ಬಾಗಿಲು ತೆಗೆದದ್ದೇ ತಡ, ಸೈರನ್ ಶುರು. ಎದುರು ಮನೆಯವರು ಕಿಟಕಿಗೆ ಬಂದರು. ಕೀಲಿ ತಿರುಗಿಸಿ, ಸ್ಟೇರಿಂಗಿನ ಕೆಳಗೆ ಅಡಗಿಸಿಟ್ಟ ಸಣ್ಣ ಗುಂಡಿ ಒತ್ತಿದ ಮೇಲೆ ಸುಮ್ಮನಾಯಿತು. ಆಮೇಲೆ ಅಂಗಡಿಯವನು ಬರೆದುಕೊಟ್ಟಂತೆ ಕೀಲಿಯನ್ನು ಬೇಗಬೇಗ ಮೂರು ಸಲ ಆನ್-ಆಫ್ ಮಾಡಿ, ಆನ್‌ನಲ್ಲೇ ಬಿಟ್ಟು ಅದೇ ಗುಂಡಿ ಒತ್ತಿ ಹಿಡಿಯಬೇಕು. ‘ಕುಯ್ಕ್’ ಎಂದಾಗ ಹತ್ತು ಸೆಕೆಂಡಿನೊಳಗೆ ಹೊಸ ರಿಮೋಟು ಒತ್ತಬೇಕು, ಹಿಂದೆಯೇ ಎರಡನೆಯದನ್ನೂ. ಇದು ನಮ್ಮ ಅಲಾರಮ್ಮಿನ ಕ್ರಮ. ಒಂದೊಂದು ಕಂಪನಿಯದು ಒಂದೊಂದು ರೀತಿ, ನಿಮ್ಮದರ ಪುಸ್ತಕ ನೋಡಿಯೇ ಮಾಡಿ. ನನ್ನ ಬೆರಳು ನಿಧಾನ. ಎರಡು ಸಲ ತಪ್ಪಿತು. ಮೂರನೆಯ ಸಲ ಮೊಮ್ಮಗ ಸೆಕೆಂಡು ಎಣಿಸಿದ, ನಾನು ಒತ್ತಿದೆ. ‘ಕುಯ್ಕ್, ಕುಯ್ಕ್!’

‘ಹೊಸದು ಕಲಿತ ಕೂಡಲೇ ನಮ್ಮ ಕಾರು ಹಳೆಯದನ್ನು ಮರೆತುಬಿಡುತ್ತೆ ಪುಟ್ಟಾ. ಇನ್ನು ಆ ಹುಡುಗನ ಕೈಲಿರೋದು ಬರೀ ಪ್ಲಾಸ್ಟಿಕ್ಕು’ ಎಂದೆ ಖುಷಿಯಲ್ಲಿ.

ಅವನು ತಲೆ ತಗ್ಗಿಸಿದ. ‘ತಾತ, ಅಣ್ಣ ತಗೊಂಡಿಲ್ಲ. ಫ್ರೆಂಡ್ಸಿಗೆ ತೋರಿಸೋಕೆ ನಾನೇ ಪಾರ್ಕಿಗೆ ತಗೊಂಡು ಹೋಗಿದ್ದೆ. ಅಲ್ಲೆಲ್ಲೋ ಬಿದ್ದುಹೋಯ್ತು.’

ಬೈಯಲು ಬಾಯಿ ತೆರೆದವನು ಹಾಗೇ ಮುಚ್ಚಿದೆ. ನನಗೊಂದು ಹಳೆಯ ಸಂಜೆ ನೆನಪಾಯಿತು. ನಾನು ಕ್ಯಾಷ್ ಕೌಂಟರಿನಲ್ಲಿದ್ದಾಗ ಒಂದು ದಿನ ಐನೂರು ರೂಪಾಯಿ ಲೆಕ್ಕಕ್ಕೆ ಸಿಗಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಎಲ್ಲರೂ ನನ್ನ ಕಡೆ ಒಮ್ಮೆ ನೋಡಿದರು, ಅಷ್ಟೆ. ಮರುದಿನ ಹಣ ಕೊಟ್ಟ ವೋಚರು ಮೇಜಿನ ಡ್ರಾಯರ್ ಹಿಂದೆ ಸಿಕ್ಕಿತು, ಲೆಕ್ಕ ಸರಿಹೋಯಿತು. ಆ ನೋಟ ಮಾತ್ರ ನಲವತ್ತು ವರ್ಷವಾದರೂ ಮರೆತಿಲ್ಲ. ಅದೇ ನೋಟವನ್ನು ನಾನು ಇನ್ನೊಬ್ಬರ ಮಗನಿಗೆ ಕೊಟ್ಟಿದ್ದೆ. ಜೊತೆಗೆ ಮಾತನ್ನೂ ಆಡಿದ್ದೆ.

ಇಬ್ಬರೂ ನಡೆದುಕೊಂಡು ಹೋದೆವು. ಅವನು ಹಿಂದಿನ ಬೀದಿಯಲ್ಲಿ ಇನ್ನೊಬ್ಬರ ಕಾರು ಒರೆಸುತ್ತಿದ್ದ. ಮೊಮ್ಮಗ, ‘ಅಣ್ಣಾ, ಕಳೆದಿದ್ದು ನಾನು’ ಎಂದ. ‘ತಪ್ಪಾಯ್ತಪ್ಪಾ, ನಾನು ಹಾಗೆ ಕೇಳಬಾರದಿತ್ತು’ ಎಂದೆ ನಾನು. ‘ಹೋಗ್ಲಿ ಬಿಡಿ ಸಾರ್’ ಎಂದ, ಬಟ್ಟೆ ಹಿಂಡುತ್ತಾ.

ಈಗ ಮತ್ತೆ ಬರುತ್ತಿದ್ದಾನೆ. ಮೊದಲು ಅಡುಗೆಮನೆ ಬಾಗಿಲವರೆಗೆ ಬಂದು ಕಾಫಿ ಲೋಟ ತೆಗೆದುಕೊಳ್ಳುತ್ತಿದ್ದವನು ಈಗ ಗೇಟಿನ ಹತ್ತಿರವೇ ನಿಲ್ಲುತ್ತಾನೆ. ಕಾರಿಗೆ ಹೊಸ ಗುರುತು ಕಲಿಸಲು ಹತ್ತು ಸೆಕೆಂಡು ಸಾಕಾಯಿತು. ಇದಕ್ಕೆ ಎಷ್ಟು ದಿನ ಹಿಡಿಯುತ್ತದೋ! ಅಲ್ಲಿಯವರೆಗೆ ಲೋಟವನ್ನು ಗೇಟಿಗೆ ನಾನೇ ಒಯ್ಯುತ್ತೇನೆ.