ದಾರಿ ತೋರುವವರು ದಾರಿಯ ಸುಂಕವನ್ನೂ ಹೇಳಲಿ



ಪದವಿ ಮುಗಿಸಿದ ಮಕ್ಕಳ ಬೀಳ್ಕೊಡುಗೆ ಸಮಾರಂಭಗಳಿಗೆ ಈ ವಯಸ್ಸಿನಲ್ಲಿಯೂ ನನ್ನನ್ನು ಕರೆಯುವವರಿದ್ದಾರೆ. ಅಲ್ಲಿ ಎಲ್ಲ ಮಕ್ಕಳೂ ಗುರುಗಳನ್ನು ನೆನೆಯುತ್ತಾರೆ, ತಂದೆತಾಯಿಗಳನ್ನು ನೆನೆಯುತ್ತಾರೆ, ಹಾಸ್ಟೆಲಿನ ಒಂದೆರಡು ತಮಾಷೆಯ ಪ್ರಸಂಗಗಳನ್ನು ಹೇಳಿ ಕಣ್ಣೊರೆಸಿಕೊಂಡು ವೇದಿಕೆಯಿಂದ ಇಳಿಯುತ್ತಾರೆ. ಕ್ರೈಸ್ತ ವಿದ್ಯಾರ್ಥಿಗಳು ಇವುಗಳ ಜೊತೆಗೆ ಇನ್ನೊಂದು ಮಾತನ್ನು ಸೇರಿಸುತ್ತಾರೆ. ತಮ್ಮನ್ನು ಇಲ್ಲಿಯವರೆಗೆ ಕೈಹಿಡಿದು ನಡೆಸಿದವನು ಮುಂದೆಯೂ ನಡೆಸುತ್ತಾನೆ, ಅವನ ಚಿತ್ತವೇನೆಂದು ಪ್ರಾರ್ಥಿಸಿ ತಿಳಿದುಕೊಳ್ಳುತ್ತೇವೆ ಎನ್ನುತ್ತಾರೆ. ಇದನ್ನು ಕೇಳಿ ಮುಸಿಮುಸಿ ನಗುವ ವಿಚಾರವಾದಿ ಮಿತ್ರರು ನನಗಿದ್ದಾರೆ. ನಾನು ಕ್ರೈಸ್ತನಲ್ಲ, ಆದರೂ ನನಗೆ ನಗು ಬರುವುದಿಲ್ಲ. ತಾನು ತನ್ನೊಬ್ಬನ ಬಲದಿಂದಲೇ ಇಷ್ಟು ದೂರ ಬಂದೆನೆಂದು ಭಾವಿಸದ ಇಪ್ಪತ್ತೊಂದು ವರ್ಷದ ಹುಡುಗ ಏನನ್ನೋ ಕಲಿತಿದ್ದಾನೆ ಎಂದೇ ನನ್ನ ಎಣಿಕೆ. ನನ್ನ ತಕರಾರು ಆ ಮಕ್ಕಳ ಮೇಲಲ್ಲ. ಅದೇ ವೇದಿಕೆಯ ಮೇಲೆ ಹಾರ ಹಾಕಿಸಿಕೊಂಡು ಕುಳಿತು, ಮಾರ್ಗದರ್ಶನ ಮಾಡುತ್ತೇವೆಂದು ಹೇಳಿ, ಮಾರ್ಗದ ಮೊದಲ ಹಳ್ಳದ ಬಗ್ಗೆಯೇ ತುಟಿ ಬಿಚ್ಚದ ಹಿರಿಯರ ಮೇಲೆ.

ಆ ಹಳ್ಳ ಯಾವುದೆಂದು ಬಿಡಿಸಿ ಹೇಳುತ್ತೇನೆ. ನಮ್ಮ ಕೊಂಡ್ಲಹಳ್ಳಿಯ ಸುತ್ತಮುತ್ತ ನಾನು ಬಲ್ಲ ಕ್ರೈಸ್ತ ಕುಟುಂಬಗಳಲ್ಲಿ ಹೆಚ್ಚಿನವು ಒಂದೆರಡು ತಲೆಮಾರುಗಳ ಹಿಂದೆ ಮಾದಿಗರ ಕೇರಿಯಿಂದ ಬಂದವು. ಪದವಿ ಮುಗಿದ ಮೇಲೆ ಆ ಮನೆಯ ಮಗುವಿಗೆ ಎದುರಾಗುವ ಮೊದಲ ಪ್ರಶ್ನೆ ಬೈಬಲ್ಲಿನಿಂದ ಬರುವುದಿಲ್ಲ, ಅರ್ಜಿ ನಮೂನೆಯಿಂದ ಬರುತ್ತದೆ. ಧರ್ಮ: ಜಾತಿ: ಪ್ರವರ್ಗ: ಎಂಬ ಮೂರು ಖಾಲಿ ಜಾಗಗಳು.

ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಶಿಷ್ಯನೊಬ್ಬನ ಮಗಳು ನರ್ಸಿಂಗ್ ಪದವಿ ಮುಗಿಸಿ ಬಂದು ನಮ್ಮ ಜಗುಲಿಯ ಮೇಲೆ ಕುಳಿತು, "ಮೇಷ್ಟ್ರೇ, ಇಲ್ಲಿ ಏನಂತ ಬರೀಲಿ?" ಎಂದು ಕೇಳಿದಳು. ಅಷ್ಟರಲ್ಲಾಗಲೇ ಅವಳಿಗೆ ಮೂರು ಮಂದಿ ಮಾರ್ಗದರ್ಶನ ಮಾಡಿದ್ದರು. ಅಪ್ಪ, "ಹಿಂದೂ ಅಂತ್ಲೇ ಬರಿ ಕಣವ್ವ, ದೇವ್ರು ಕಾಗದದಾಗೆ ಇರಲ್ಲ, ಎದೆಯಾಗೆ ಇರ್ತಾನೆ" ಎಂದಿದ್ದ. ಸಭಾಪಾಲಕರು, "ಕ್ರೈಸ್ತಳೆಂದು ಬರೆಯಮ್ಮಾ, ಉಳಿದದ್ದನ್ನು ಕರ್ತನು ನೋಡಿಕೊಳ್ಳುತ್ತಾನೆ" ಎಂದಿದ್ದರು. ಕಾಲೇಜಿನ ಗುಮಾಸ್ತರು, "ಟಿ.ಸಿ.ಯಲ್ಲಿ ಏನಿದೆಯೋ ಅದನ್ನೇ ಬರಿ, ತಲೆ ಕೆಡಿಸ್ಕೋಬೇಡ" ಎಂದಿದ್ದರು. ಮೂವರೂ ಅವಳ ಹಿತೈಷಿಗಳೇ. ಆದರೆ ಹೀಗೆ ಬರೆದರೆ ಏನಾಗುತ್ತದೆ, ಹಾಗೆ ಬರೆದರೆ ಏನಾಗುತ್ತದೆ ಎಂಬುದನ್ನು ಮೂವರಲ್ಲಿ ಒಬ್ಬರೂ ಹೇಳಿರಲಿಲ್ಲ. ನನಗೆ ತಿಳಿದಷ್ಟನ್ನು ನಾನು ಹೇಳಿದೆ. ಅವಳು ಕೊನೆಗೆ ಏನು ಬರೆದಳೆಂದು ನಾನು ಕೇಳಲಿಲ್ಲ. ಕೇಳುವ ಅಧಿಕಾರ ನನ್ನದಲ್ಲ.

ತಿಳಿದಷ್ಟು ಎಂದರೆ ಇಷ್ಟು. 1950ರ ಆಗಸ್ಟ್ 10ರಂದು ಹೊರಟ ಪರಿಶಿಷ್ಟ ಜಾತಿಗಳ ಆದೇಶದ ಮೂರನೆಯ ಪರಿಚ್ಛೇದದ ಪ್ರಕಾರ ಹಿಂದೂ ಧರ್ಮವನ್ನಲ್ಲದೆ ಬೇರೆ ಧರ್ಮವನ್ನು ಅವಲಂಬಿಸುವವರು ಪರಿಶಿಷ್ಟ ಜಾತಿಯವರೆನಿಸಿಕೊಳ್ಳುವುದಿಲ್ಲ. 1956ರಲ್ಲಿ ಸಿಖ್ಖರನ್ನು ಇದರೊಳಗೆ ಸೇರಿಸಲಾಯಿತು. 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ಬಾಬಾಸಾಹೇಬರ ಹಿಂದೆ 1956ರ ಅಕ್ಟೋಬರಿನಲ್ಲಿ ನಾಗಪುರದಲ್ಲಿ ದೀಕ್ಷೆ ಪಡೆದವರು ಮೂವತ್ತನಾಲ್ಕು ವರ್ಷ ಕಾಯಬೇಕಾಯಿತೆಂಬುದನ್ನು ಇಲ್ಲಿ ಮರೆಯಬಾರದು. ಕ್ರೈಸ್ತರೂ ಮುಸಲ್ಮಾನರೂ ಇಂದಿಗೂ ಹೊರಗೇ ಇದ್ದಾರೆ. ಮದರಾಸಿನ ರಸ್ತೆಬದಿಯಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೂಸೈ ಎಂಬ ಕ್ರೈಸ್ತನ ಮೊಕದ್ದಮೆ 1985ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಪಕ್ಕದಲ್ಲಿ ಕುಳಿತು ಅದೇ ಕಸುಬು ಮಾಡುವ ಹಿಂದೂ ಆದಿದ್ರಾವಿಡರಿಗೆ ಸರಕಾರ ಉಚಿತವಾಗಿ ಗೂಡಂಗಡಿ ಕೊಟ್ಟಿತು, ಇವನಿಗೆ ಕೊಡಲಿಲ್ಲ. ಮತಾಂತರದ ನಂತರವೂ ಜಾತಿಯ ಸಂಕಟ ಅಷ್ಟೇ ತೀವ್ರವಾಗಿ ಉಳಿದಿದೆ ಎಂಬುದಕ್ಕೆ ಸಾಕಷ್ಟು ಆಧಾರ ಒದಗಿಸಿಲ್ಲವೆಂದು ನ್ಯಾಯಾಲಯ ಅವನ ಅರ್ಜಿಯನ್ನು ತಳ್ಳಿಹಾಕಿತು. ಉಳಿ ಅದೇ, ಚರ್ಮ ಅದೇ, ರಸ್ತೆ ಅದೇ. ಆಧಾರ ಇನ್ನೇನು ಬೇಕಿತ್ತೋ ನನಗೆ ತಿಳಿಯದು.

ಇನ್ನು ಅಪ್ಪ ಹೇಳಿದ ದಾರಿ. ಎದೆಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು. ಊರೂರಲ್ಲಿ ಇದೇ ನಡೆಯುತ್ತಿದೆ ಎಂದು ಎಲ್ಲರೂ ಪಿಸುಮಾತಿನಲ್ಲಿ ಹೇಳುತ್ತಾರೆ. 2024ರ ನವೆಂಬರಿನಲ್ಲಿ ಪುದುಚೇರಿಯ ಮಹಿಳೆಯೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತಮತವನ್ನು ಆಚರಿಸುತ್ತ ಮೀಸಲಾತಿಗಾಗಿ ಮಾತ್ರ ಹಿಂದೂ ಎನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದು ಸ್ಪಷ್ಟ ಮಾತುಗಳಲ್ಲಿ ಹೇಳಿದೆ. ನೌಕರಿಗೆ ಆಯ್ಕೆಯಾದ ಮೇಲೆ ಸಿಂಧುತ್ವ ಪ್ರಮಾಣಪತ್ರದ ಹಂತ ಬರುತ್ತದೆ, ಸಮಿತಿ ಕೂರುತ್ತದೆ, ಆಗದವರೊಬ್ಬರು ದೂರು ಬರೆಯುತ್ತಾರೆ. ಹತ್ತು ವರ್ಷ ದುಡಿದ ಕೆಲಸವೂ ಕೈಬಿಟ್ಟುಹೋಗಬಹುದು. ಮಗಳ ಮೇಲಿನ ಪ್ರೀತಿಯಿಂದಲೇ ಅಪ್ಪ ಆ ದಾರಿ ತೋರಿಸಿದ. ಆದರೆ ಅದು ಇಡೀ ಆಯುಷ್ಯ ಬಾಗಿಲ ಸದ್ದಿಗೆ ಬೆಚ್ಚುತ್ತ ಬದುಕುವ ದಾರಿ.

ಸಭಾಪಾಲಕರ ದಾರಿಗೂ ಸುಂಕವಿದೆ. ಕ್ರೈಸ್ತಳೆಂದು ಬರೆದ ಕ್ಷಣದಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿಯ ಜೊತೆಗೆ 1989ರ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣೆಯೂ ಹೋಗುತ್ತದೆ. ಕೇರಿಯ ಹೆಸರು ಹಿಡಿದು ಬೈಯುವವನು ಬೈಯುವ ಮುನ್ನ ದೀಕ್ಷಾಸ್ನಾನದ ಚೀಟಿ ನೋಡುವುದಿಲ್ಲ, ಕಾನೂನು ಮಾತ್ರ ನೋಡುತ್ತದೆ. ಆದರೆ ಎಲ್ಲ ಬಾಗಿಲುಗಳೂ ಮುಚ್ಚುವುದಿಲ್ಲ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರನ್ನು ಕರ್ನಾಟಕ ಸರಕಾರ ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿಟ್ಟಿದೆ. ಉಳಿದ ಕ್ರೈಸ್ತರು ಇರುವುದು ಪ್ರವರ್ಗ-3ಬಿಯಲ್ಲಿ. ಪ್ರವರ್ಗ-1ಕ್ಕೆ ಶೇಕಡಾ 4ರಷ್ಟು ಮೀಸಲಾತಿ ಇದೆ. ಹಿಂದೆ ಇದ್ದದ್ದಕ್ಕೆ ಹೋಲಿಸಿದರೆ ಕಿರಿದಾದ ಬಾಗಿಲು, ಆದರೂ ಸುಳ್ಳು ಹೇಳದೆ ತಲೆಯೆತ್ತಿ ಹೋಗಬಹುದಾದ ಬಾಗಿಲು. ಜಗುಲಿಯ ಮೇಲೆ ಕುಳಿತಿದ್ದ ಆ ಹುಡುಗಿಗೆ ಇಂಥದೊಂದು ಪ್ರವರ್ಗ ತನಗಾಗಿ ಇದೆಯೆಂಬುದೇ ಗೊತ್ತಿರಲಿಲ್ಲ. ಹದಿನಾರು ವರ್ಷ ಓದಿದ ಮಗು! ಭಾನುವಾರ ತಪ್ಪದೆ ಪ್ರಸಂಗ ಕೇಳಿದ ಮಗು!

ನಮ್ಮ ಸೀಮೆಯವರಿಗೆ ಈ ಕಾನೂನಿನ ವಿಚಿತ್ರ ಬೇಗ ಅರ್ಥವಾಗಬೇಕು. ಮೊಳಕಾಲ್ಮುರು ವಿಧಾನಸಭಾ ಕ್ಷೇತ್ರ ಪರಿಶಿಷ್ಟ ಪಂಗಡಕ್ಕೆ ಮೀಸಲು. ಪರಿಶಿಷ್ಟ ಪಂಗಡಗಳ ಆದೇಶದಲ್ಲಿ ಧರ್ಮದ ಷರತ್ತೇ ಇಲ್ಲ. ನಾಯಕರ ಹುಡುಗನೊಬ್ಬ ನಾಳೆ ಕ್ರೈಸ್ತನಾದರೆ ಅಷ್ಟರಿಂದಲೇ ಅವನ ಸ್ಥಾನ ಹೋಗುವುದಿಲ್ಲ. ಅವನೊಂದಿಗೆ ಒಂದೇ ಬೆಂಚಿನಲ್ಲಿ ಕುಳಿತ ಮಾದಿಗರ ಹುಡುಗ ಕ್ರೈಸ್ತನಾದರೆ ಅಂದೇ ಹೋಗುತ್ತದೆ. ಒಂದೇ ಶಾಲೆ, ಒಂದೇ ಬಿಸಿಯೂಟ, ಒಂದೇ ಪ್ರಾರ್ಥನೆ, ಎರಡು ನ್ಯಾಯ.

ನನ್ನ ಈ ಮಾತಿಗೆ ಎದುರಾಗುವ ಆಕ್ಷೇಪಗಳು ನನಗೆ ಗೊತ್ತಿಲ್ಲದವೇನಲ್ಲ. ಕ್ರೈಸ್ತಮತದಲ್ಲಿ ಜಾತಿಯಿಲ್ಲವಲ್ಲ, ಮತ್ತೇಕೆ ಜಾತಿಯ ಸವಲತ್ತು ಎನ್ನುವವರಿದ್ದಾರೆ. ಮತದ ಗ್ರಂಥದಲ್ಲಿ ಇಲ್ಲದಿರಬಹುದು, ಆದರೆ ಜನ ಇರುವುದು ಗ್ರಂಥದಲ್ಲಲ್ಲ. ದಕ್ಷಿಣದ ಹಲವೆಡೆ ಸ್ಮಶಾನದೊಳಗೂ ಗೋಡೆ ಕಟ್ಟಿಕೊಂಡ ಕ್ರೈಸ್ತರಿದ್ದಾರೆ. ದೀಕ್ಷಾಸ್ನಾನವಾಯಿತೆಂದು ಯಾರ ಮನೆಯೂ ಕೇರಿಯಿಂದ ಎದ್ದು ಊರೊಳಕ್ಕೆ ನಡೆದುಬಂದದ್ದನ್ನು ನಾನು ಕಂಡಿಲ್ಲ. ಸಿಖ್ ಧರ್ಮವೂ ಬೌದ್ಧ ಧರ್ಮವೂ ಜಾತಿಯನ್ನು ಒಪ್ಪದ ಧರ್ಮಗಳೇ, ಅವರಿಗೆ ಅನ್ವಯಿಸದ ತರ್ಕ ಇವರಿಗೆ ಮಾತ್ರ ಹೇಗೆ ಅನ್ವಯಿಸುತ್ತದೆ? ಇನ್ನೊಂದು ಆಕ್ಷೇಪ ನನ್ನ ದಲಿತ ಶಿಷ್ಯರದೇ. "ಮೇಷ್ಟ್ರೇ, ಇರೋ ಒಂದು ತಟ್ಟೆಗೆ ಇನ್ನಷ್ಟು ಕೈ ಹಾಕಿಸ್ತೀರಾ?" ಎಂದು ಒಬ್ಬ ನೇರವಾಗಿಯೇ ಕೇಳಿದ. ಈ ಭಯವನ್ನು ನಾನು ಹಗುರವಾಗಿ ಕಾಣಲಾರೆ. ಒಳಮೀಸಲಾತಿಗಾಗಿ ದಶಕಗಟ್ಟಲೆ ಬೀದಿಯಲ್ಲಿ ನಿಂತ ಮಾದಿಗ ಸಮುದಾಯಕ್ಕೆ ತಟ್ಟೆಯ ಅಳತೆ ನನಗಿಂತ ಚೆನ್ನಾಗಿ ಗೊತ್ತು. ತಟ್ಟೆ ದೊಡ್ಡದಾಗದೆ ಕೈಗಳು ಹೆಚ್ಚಬಾರದು ಎಂಬುದು ನ್ಯಾಯವಾದ ಮಾತು, ಆದರೆ ಹಸಿದವನನ್ನು ಅವನ ಪ್ರಾರ್ಥನೆಯ ಭಾಷೆ ಕೇಳಿ ಎಬ್ಬಿಸಬೇಕು ಎಂಬುದು ನ್ಯಾಯವಲ್ಲ. ಪರಿಶಿಷ್ಟ ಜಾತಿಯ ಸ್ಥಾನವನ್ನು ಧರ್ಮದಿಂದ ಬಿಡಿಸಬೇಕೆಂದು ರಂಗನಾಥ ಮಿಶ್ರಾ ಆಯೋಗ 2007ರಲ್ಲಿಯೇ ವರದಿ ಕೊಟ್ಟಿತು. ಅದು ಕಪಾಟಿನಲ್ಲಿ ಮಲಗಿತು. 2022ರಲ್ಲಿ ಅದೇ ಪ್ರಶ್ನೆಯನ್ನು ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯ ಇನ್ನೊಂದು ಆಯೋಗಕ್ಕೆ ಒಪ್ಪಿಸಲಾಯಿತು.

ಒಂದು ಸೋಜಿಗವನ್ನು ಗಮನಿಸಿ. ಆಮಿಷವೊಡ್ಡಿ ಮತಾಂತರ ಮಾಡಿಸುತ್ತಾರೆಂದು ಹೇಳಿ 2022ರಲ್ಲಿ ನಮ್ಮ ರಾಜ್ಯದಲ್ಲಿ ಕಾಯ್ದೆ ಬಂತು. 2023ರಲ್ಲಿ ಹೊಸ ಸರಕಾರದ ಸಂಪುಟ ಅದನ್ನು ಹಿಂಪಡೆಯಲು ತೀರ್ಮಾನಿಸಿತು, ಇರಲಿ. ಕ್ರೈಸ್ತನಾಗಿದ್ದವನು ಹಿಂದೂ ಧರ್ಮಕ್ಕೆ ಮರಳಿ, ಅವನ ಜಾತಿಯವರು ಒಪ್ಪಿಕೊಂಡರೆ ಪರಿಶಿಷ್ಟ ಜಾತಿಯ ಸ್ಥಾನ ಮರಳಿ ಬರುತ್ತದೆಂದು 2015ರಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹೋದರೆ ಕಳೆದುಕೊಳ್ಳುವೆ, ಮರಳಿದರೆ ಪಡೆಯುವೆ. ಪಾದ್ರಿ ಹಂಚಿದ ಒಂದು ಮೂಟೆ ಅಕ್ಕಿ ಆಮಿಷವಾಗುವುದಾದರೆ ಇದನ್ನು ಏನೆಂದು ಕರೆಯಬೇಕು? 2025ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಗುವ ಹೊತ್ತಿಗೆ, ಜಾತಿಯ ಹೆಸರಿನೊಂದಿಗೆ ಕ್ರಿಶ್ಚಿಯನ್ ಎಂದು ಸೇರಿದ್ದ ಹೆಸರುಗಳು ಪಟ್ಟಿಯಲ್ಲಿ ಕಂಡವೆಂದು ಎಷ್ಟು ಗದ್ದಲವಾಯಿತೆಂಬುದು ನಿಮಗೆ ನೆನಪಿರಬೇಕು. ಕಡೆಗೆ ಆ ಹೆಸರುಗಳನ್ನು ಮರೆಮಾಡಲಾಯಿತು. ಹೆಸರು ಮರೆಯಾಯಿತು, ಆ ಹೆಸರಿನ ಜನ ಮರೆಯಾಗುವರೇ?

ಹಾಗಾದರೆ ಕ್ರೈಸ್ತ ಮಕ್ಕಳು ಯಾರನ್ನು ನೋಡಿ ನಡೆಯಬೇಕು? ದೂರ ಹೋಗಬೇಕಿಲ್ಲ, ಕನ್ನಡದಲ್ಲಿಯೇ ಒಬ್ಬರಿದ್ದಾರೆ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿದ ಉತ್ತಂಗಿ ಚನ್ನಪ್ಪನವರು ಮಂಗಳೂರಿನ ಬಾಸೆಲ್ ಮಿಷನ್ನಿನ ದೇವಜ್ಞಾನ ಶಾಲೆಯಲ್ಲಿ ಕಲಿತು ಸಭಾಪಾಲಕರಾಗಿ ಹೊರಬಂದವರು. ಅಲ್ಲಿಂದ ಹೊರಬಿದ್ದ ಯುವಕನಿಗೆ ಹಾಕಿಕೊಟ್ಟ ದಾರಿ ಸಭೆ, ಪ್ರಸಂಗ, ಪ್ರಚಾರಗಳದು. ಅವರು ಆ ದಾರಿಯನ್ನೂ ಬಿಡಲಿಲ್ಲ, ಅದರಲ್ಲಿಯೇ ನಿಂತೂ ಬಿಡಲಿಲ್ಲ. ಊರೂರು ಅಲೆದು, ಓಲೆಗರಿ ಹುಡುಕಿ, ಜನರ ಬಾಯಿಂದ ಕೇಳಿ ಸರ್ವಜ್ಞನ ವಚನಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಆಮೇಲೆ ಶರಣರ ಅನುಭವ ಮಂಟಪದ ಐತಿಹಾಸಿಕತೆಯನ್ನು ಕುರಿತು ಗ್ರಂಥ ಬರೆದರು. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರು ಕ್ರೈಸ್ತ ಪಾದ್ರಿಯೂ ಹೌದು, ಸರ್ವಜ್ಞನ ಸಂಪಾದಕರೂ ಹೌದು, ಎರಡನ್ನೂ ಯಾರಿಂದಲೂ ಮುಚ್ಚಿಟ್ಟಿರಲಿಲ್ಲ. ಹೈಸ್ಕೂಲಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ತ್ರಿಪದಿಗಳ ಹಿಂದೆ ಒಬ್ಬ ಪಾದ್ರಿಯ ಸವೆದ ಚಪ್ಪಲಿಗಳಿವೆಯೆಂದು ನಾನು ತರಗತಿಯಲ್ಲಿ ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿದ್ದೀತು.

ಇನ್ನೊಂದು ನಿದರ್ಶನ ನಮ್ಮ ತಾಲ್ಲೂಕಿನದೇ. ಬ್ರಹ್ಮಗಿರಿಯಲ್ಲಿ, ಸಿದ್ದಾಪುರದಲ್ಲಿ, ಜಟಿಂಗ ರಾಮೇಶ್ವರದಲ್ಲಿ ಅಶೋಕನ ಶಾಸನಗಳಿರುವುದನ್ನು 1892ರಲ್ಲಿ ಲೋಕಕ್ಕೆ ತಿಳಿಸಿದವರು ಬಿ.ಎಲ್. ರೈಸ್. ಅವರ ತಂದೆ ಬೆಂಗಳೂರಿನಲ್ಲಿದ್ದ ಲಂಡನ್ ಮಿಷನ್ನಿನ ಪಾದ್ರಿ. ಮಗ ತಂದೆಯ ವೃತ್ತಿ ಹಿಡಿಯದೆ ಮೇಷ್ಟ್ರಾದರು, ವಿದ್ಯಾ ಇಲಾಖೆಯ ಅಧಿಕಾರಿಯಾದರು, ಕೊನೆಗೆ ಕಲ್ಲುಗಳನ್ನು ಓದಲು ಹೊರಟರು. (ನಮ್ಮ ಮಕ್ಕಳನ್ನು ಪ್ರವಾಸಕ್ಕೆಂದು ಮೈಸೂರಿಗೆ ಕರೆದೊಯ್ಯುವ ಶಾಲೆಗಳು ಹತ್ತಿರದಲ್ಲೇ ಇರುವ ಬ್ರಹ್ಮಗಿರಿಗೆ ಏಕೆ ಕರೆದೊಯ್ಯುವುದಿಲ್ಲವೋ!) ಆ ಶಾಸನ ತಂದೆತಾಯಿಗಳ ಮಾತು ಕೇಳಬೇಕೆನ್ನುತ್ತದೆ, ಪ್ರಾಣಿಗಳಲ್ಲಿ ದಯೆಯಿರಬೇಕೆನ್ನುತ್ತದೆ, ಶಿಷ್ಯ ಆಚಾರ್ಯನನ್ನು ಗೌರವಿಸಬೇಕೆನ್ನುತ್ತದೆ. ಇವುಗಳ ನಡುವೆಯೇ, ಸತ್ಯವನ್ನು ನುಡಿಯಬೇಕೆಂದೂ ಹೇಳುತ್ತದೆ. ಅರ್ಜಿ ಹಿಡಿದ ನಮ್ಮ ಹುಡುಗಿಯ ಸಂಕಟ ಎರಡು ಸಾವಿರದ ಇನ್ನೂರು ವರ್ಷಗಳಷ್ಟು ಹಳೆಯ ಈ ಬಂಡೆಯ ಮೇಲೆಯೇ ಇದೆ. ತಂದೆಯ ಮಾತು ಕೇಳಿದರೆ ಸತ್ಯ ತಪ್ಪುತ್ತದೆ, ಸತ್ಯ ನುಡಿದರೆ ತಂದೆಯ ಮಾತು ತಪ್ಪುತ್ತದೆ. ಇಂಥ ಇಕ್ಕಟ್ಟಿಗೆ ಮಕ್ಕಳನ್ನು ದೂಡಿದ ಕಾನೂನು ತಿದ್ದಲ್ಪಡುವವರೆಗೆ, ಇಕ್ಕಟ್ಟು ಇದೆಯೆಂದಾದರೂ ಅವರಿಗೆ ಮೊದಲೇ ತಿಳಿಸುವುದು ಹಿರಿಯರಾದವರ ಕರ್ತವ್ಯವಲ್ಲವೇ?

ಆದ್ದರಿಂದ ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಪದವೀಧರರಿಗಾಗಿ ನೀವು ಮಾಡುವ ವಿಶೇಷ ಆರಾಧನೆಯನ್ನು ಅಗತ್ಯವಾಗಿ ಮಾಡಿರಿ, ಆಶೀರ್ವದಿಸಿರಿ. ಅದು ಮುಗಿದ ಮೇಲೆ ಅರ್ಧ ಗಂಟೆ ಅದೇ ಬೆಂಚುಗಳ ಮೇಲೆ ಮಕ್ಕಳನ್ನು ಕೂರಿಸಿಕೊಂಡು 1950ರ ಆದೇಶವೆಂದರೇನು, ಪ್ರವರ್ಗ-1ರ ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದು ಹೇಗೆ, ಸುಳ್ಳು ಪ್ರಮಾಣಪತ್ರದಿಂದ ಏನಾಗುತ್ತದೆ ಎಂಬುದನ್ನು ಬಲ್ಲವರಿಂದ ಹೇಳಿಸಿರಿ. ಅದು ಪ್ರಾರ್ಥನೆಗಿಂತ ಕೀಳಾದ ಕೆಲಸವೆಂದು ನನಗೆ ತೋರುವುದಿಲ್ಲ. ಕೇಳಿದ ಮೇಲೆ ಯಾವ ದಾರಿ ಹಿಡಿಯಬೇಕೆಂಬುದನ್ನು ಮಕ್ಕಳಿಗೇ ಬಿಡಿರಿ.

ನಾಡಕಚೇರಿಯಲ್ಲಿ, ಸಮಾಜ ಕಲ್ಯಾಣ ಇಲಾಖೆಯಲ್ಲಿ, ಚಳ್ಳಕೆರೆಯ ಕೋರ್ಟಿನಲ್ಲಿ ಕೆಲಸಮಾಡುತ್ತಿರುವ ನನ್ನ ಶಿಷ್ಯರು ಕೆಲವರು ಇದನ್ನು ಓದುತ್ತಿದ್ದೀರಿ. ನಿಮ್ಮಲ್ಲಿ ಇಬ್ಬರಾದರೂ ಒಂದು ಭಾನುವಾರ ಕೊಂಡ್ಲಹಳ್ಳಿಗೆ ಬರುವಿರಾದರೆ, ಮಕ್ಕಳನ್ನು ನಾನು ಕೂಡಿಸುತ್ತೇನೆ. ಯಾವ ಭಾನುವಾರವೆಂದು ಮುಂಚಿತವಾಗಿ ತಿಳಿಸಿರಿ, ಮಧ್ಯಾಹ್ನದ ಮುದ್ದೆಯೂಟ ನಮ್ಮ ಮನೆಯಲ್ಲಿ.