ವ್ಯಾಟ್ ಲೆಕ್ಕಕ್ಕೆ ಒಂದು ಬೆಳೆ ಗೂಡು

ಸೈಕಲ್ ರೇಸ್‌ಗೆ ಇಳಿಯುವ ಹಳ್ಳಿ ಹುಡುಗರಿಗೆ ಪವರ್ ಮೀಟರ್ ಯಾಕೆ, ಅದು ಶೋಕಿ ಅನ್ನುವವರಿದ್ದಾರೆ. ಪವರ್ ಮೀಟರ್ ಇಲ್ಲದಿದ್ದರೆ ತರಬೇತಿಯೇ ಅಲ್ಲ ಅನ್ನುವವರೂ ಇದ್ದಾರೆ. ಮೊದಲನೆಯ ಮಾತು ನಮ್ಮ ಕೂಟಗಲ್‌ನಲ್ಲಿ ಕೇಳಿಸುತ್ತದೆ, ಎರಡನೆಯದು ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಬಂದು ರಾಮನಗರದ ಹೋಟೆಲ್‌ಗಳ ಮುಂದೆ ಲಕ್ಷಗಟ್ಟಲೆ ಬೆಲೆಯ ಸೈಕಲ್ ಒರಗಿಸಿ ಇಡ್ಲಿ ತಿನ್ನುವವರ ಬಾಯಲ್ಲಿ. ಎರಡನ್ನೂ ನಾನು ಒಪ್ಪುವುದಿಲ್ಲ. ಕಡಿಮೆ ದುಡ್ಡಿನಲ್ಲಿ ಯಾವುದನ್ನು ಕೊಳ್ಳಬೇಕು, ಯಾವಾಗ ಕೊಳ್ಳಬೇಕು, ಒಬ್ಬನೇ ಕೊಳ್ಳಬೇಕಾ ಅನ್ನುವುದು ನನ್ನ ಪ್ರಶ್ನೆ. ಆರು ತಿಂಗಳಿಂದ ಇದೇ ಯೋಚನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಪೆಡಲ್ ತುಳಿದಾಗ ಕ್ರ್ಯಾಂಕ್‌ನ ಲೋಹ ಕಣ್ಣಿಗೆ ಕಾಣದಷ್ಟು ಬಾಗುತ್ತದೆ. ಆ ಬಾಗನ್ನು ಅಂಟಿಸಿದ ಒಂದು ತೆಳು ಸೆನ್ಸರ್ ಅಳೆಯುತ್ತದೆ. ಬಲ ಎಷ್ಟು, ಎಷ್ಟು ವೇಗವಾಗಿ ತಿರುಗುತ್ತಿದೆ, ಎರಡನ್ನೂ ಗುಣಿಸಿ ವ್ಯಾಟ್‌ನಲ್ಲಿ ತೋರಿಸುತ್ತದೆ. ಜರ್ಮನಿಯ ಉಲ್ರಿಚ್ ಶೋಬೆರೆರ್ ಅನ್ನುವ ಎಂಜಿನಿಯರ್ 1986ರಲ್ಲಿ ಇದನ್ನು ಸೈಕಲ್‌ಗೆ ಅಳವಡಿಸಿದ. ಆತನ ಎಸ್‌ಆರ್‌ಎಂ ಕಂಪನಿಯ ಮೀಟರ್‌ಗಳನ್ನು ವರ್ಷಗಟ್ಟಲೆ ದೊಡ್ಡ ತಂಡಗಳವರು ಮಾತ್ರ ಕೊಳ್ಳುತ್ತಿದ್ದರು. ಈಗ ಕೆನಡಾದ ಫೋರ್‌ಐಐಐಐ, ಇಟಲಿಯ ಫವೆರೊ, ಚೀನಾದ ಮಜೀನ್ ಥರದ ಕಂಪನಿಗಳು ಬಂದಮೇಲೆ ಬೆಲೆ ಇಳಿದಿದೆ. ಇಳಿದಿದೆ ಅಂದರೆ ಎಷ್ಟು? ಅಲ್ಲೇ ಇರುವುದು ಕಷ್ಟ.

ನಾನು ವಿಚಾರಿಸಿದಾಗ ಎಡಗಡೆ ಕ್ರ್ಯಾಂಕ್ ಮಾತ್ರ ಅಳೆಯುವ ಮೀಟರ್‌ಗೆ ಮೂವತ್ತು ಸಾವಿರದ ಆಸುಪಾಸು ಹೇಳಿದರು. ಒಂದು ಕಡೆಯ ಪೆಡಲ್ ಮೀಟರ್‌ಗೆ ನಲವತ್ತು ಸಾವಿರ ದಾಟುತ್ತದೆ. ಎರಡೂ ಕಡೆ ಅಳೆಯುವ ಪೆಡಲ್ ಆದರೆ ಅರವತ್ತು, ಎಪ್ಪತ್ತು, ಅದಕ್ಕೂ ಮೇಲೆ. ನಮ್ಮ ಮನೆಯ ಲೆಕ್ಕದಲ್ಲಿ ಹೇಳುತ್ತೇನೆ. 100 ಮೊಟ್ಟೆ ರೇಷ್ಮೆ ಹುಳು ಮೇಯಿಸಿ, 70 ಕೆ.ಜಿ. ಗೂಡು ಬಂದು, ರಾಮನಗರದ ಮಾರುಕಟ್ಟೆಯಲ್ಲಿ ಕೆ.ಜಿ.ಗೆ 500 ರೂಪಾಯಿ ಸಿಕ್ಕಿದರೆ 35 ಸಾವಿರ. ಅದರಲ್ಲಿ ಚಾಕಿ ಹುಳುವಿನ ದುಡ್ಡು, ಸೊಪ್ಪಿನ ಕೂಲಿ, ಗೊಬ್ಬರ, ಬ್ಲೀಚಿಂಗ್ ಪೌಡರ್ ಎಲ್ಲ ಕಳೆಯಬೇಕು. ಹುಳುವಿಗೆ ರೋಗ ಬಿದ್ದರೆ ಕಳೆಯುವುದಕ್ಕೂ ಏನೂ ಉಳಿಯುವುದಿಲ್ಲ. ಅಂದರೆ ಒಂದು ಮೀಟರ್ ಒಂದು ಬೆಳೆ ಗೂಡನ್ನು ಪೂರಾ ನುಂಗುತ್ತದೆ.

ಅಪ್ಪನಿಗೆ ವಿಷಯ ಹೇಳಿದಾಗ ಅವರು ಸೊಪ್ಪು ಹೆಚ್ಚುತ್ತಿದ್ದರು.

‘ಅದ ಹಾಕಿದ್ರೆ ಸೈಕಲ್ ಜೋರಾಗಿ ಓಡ್ತದಾ?’

‘ಇಲ್ಲಪ್ಪ. ನಾನು ಎಷ್ಟು ಜೋರಾಗಿ ತುಳೀತಿದೀನಿ ಅಂತ ತೋರಿಸ್ತದೆ.’

‘ಅದು ನಿನ್ ಕಾಲಿಗೇ ಗೊತ್ತಾಗಕಿಲ್ವಾ?’

ಈ ಪ್ರಶ್ನೆಗೆ ನಗಬಾರದು. ಮೀಟರ್ ಮಾರುವ ಯಾರೂ ಇಷ್ಟು ಒಳ್ಳೆಯ ಪ್ರಶ್ನೆ ಕೇಳಿಸಿಕೊಂಡಿರಲಿಕ್ಕಿಲ್ಲ. ಉತ್ತರ ಹುಡುಕುವುದಕ್ಕೆ ನನಗೆ ಎರಡು ದಿನ ಬೇಕಾಯಿತು. ಕಾಲಿಗೆ ಗೊತ್ತಾಗುತ್ತದೆ, ಆದರೆ ತಡವಾಗಿ ಗೊತ್ತಾಗುತ್ತದೆ. ಏರು ಶುರುವಾದಾಗ ಕಾಲು ತಾಜಾ ಇರುತ್ತದೆ, 300 ವ್ಯಾಟ್ ಕೂಡ ಸಲೀಸು ಅನ್ನಿಸುತ್ತದೆ. ಮೂರು ನಿಮಿಷ ಆದಮೇಲೆ ಅದೇ ಕಾಲು ಕೈಕೊಡುತ್ತದೆ. ಎದೆಬಡಿತ ನೋಡಿಕೊಂಡು ತುಳಿಯೋಣ ಅಂದರೆ ಅದೂ ತಡ. ಜೋರು ತುಳಿದು ಅರ್ಧ, ಒಂದು ನಿಮಿಷ ಆದಮೇಲೆ ಏರುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿನಲ್ಲಿ ಸುಮ್ಮನೆ ತುಳಿದರೂ ಹತ್ತು ಬಡಿತ ಜಾಸ್ತಿ ಇರುತ್ತದೆ. ವೇಗವನ್ನಂತೂ ನಂಬುವ ಹಾಗೇ ಇಲ್ಲ. ಎದುರು ಗಾಳಿಗೆ ಗಂಟೆಗೆ 26 ಕಿ.ಮೀ. ಹೋಗುವುದಕ್ಕೆ ಪ್ರಾಣ ಹೋಗುತ್ತದೆ, ಅದೇ ರಸ್ತೆಯಲ್ಲಿ ವಾಪಸ್ ಬರುವಾಗ 36 ಪುಕ್ಕಟೆ. ವ್ಯಾಟ್‌ಗೆ ಗಾಳಿ, ಬಿಸಿಲು, ಏರು ಯಾವುದೂ ಲೆಕ್ಕವಿಲ್ಲ. ತುಳಿದಷ್ಟನ್ನೇ ತೋರಿಸುತ್ತದೆ.

ಹಾಗಾದರೆ ಕೊಂಡುಬಿಡೋಣ ಅನ್ನುವ ಮೊದಲು ಒಂದು ಪುಕ್ಕಟೆ ವಿದ್ಯೆ ಇದೆ. ಪಿಯುಸಿಯಲ್ಲಿ ಭೌತಶಾಸ್ತ್ರ ಓದಿದ ಯಾರಾದರೂ ಮಾಡಬಹುದು. ಗಾಳಿ ಹೆಚ್ಚಿಲ್ಲದ ಬೆಳಿಗ್ಗೆ, ಎಲ್ಲೂ ಇಳಿತವಿಲ್ಲದ ಒಂದು ಏರು ಆರಿಸಿಕೊಳ್ಳಿ. ನಮ್ಮ ಕಡೆ ಏರಿಗೆ ಬರವಿಲ್ಲ. ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಅಂತ ಬದಲಾದರೂ ಕೂಟಗಲ್ ಸುತ್ತಿನ ಬಂಡೆ, ಬೆಟ್ಟ ಎಲ್ಲ ಇದ್ದಲ್ಲೇ ಇವೆ. 1,700 ಮೀಟರ್ ಉದ್ದದ ರಸ್ತೆಯಲ್ಲಿ 100 ಮೀಟರ್ ಎತ್ತರ ಏರುತ್ತೀರಿ ಅಂದುಕೊಳ್ಳಿ. ನೀವು 65 ಕೆ.ಜಿ., ಸೈಕಲ್ಲು ನೀರು ಸೇರಿ 10, ಒಟ್ಟು 75. ಅದನ್ನು 9.8ರಿಂದ, ಆಮೇಲೆ 100ರಿಂದ ಗುಣಿಸಿದರೆ 73,500 ಜೂಲ್. ಆರು ನಿಮಿಷದಲ್ಲಿ, ಅಂದರೆ 360 ಸೆಕೆಂಡಿನಲ್ಲಿ ಹತ್ತಿದರೆ, ಭಾಗಿಸಿ: 204 ವ್ಯಾಟ್. ಗಾಳಿಗೂ ಟೈರಿನ ಘರ್ಷಣೆಗೂ ಇನ್ನೊಂದು ನಲವತ್ತು ಸೇರಿಸಿ. ಸುಮಾರು 245 ಆಯಿತು. ಮುಂದಿನ ತಿಂಗಳು ಅದೇ ಏರು ಐದೂವರೆ ನಿಮಿಷಕ್ಕೆ ಹತ್ತಿದರೆ ನಿಮ್ಮ ತರಬೇತಿ ಕೆಲಸ ಮಾಡಿದೆ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ, ಗೂಡು ತೂಗುವ ತಕ್ಕಡಿ.

ಆದ್ದರಿಂದ ನನ್ನ ಮೊದಲ ಅಭಿಪ್ರಾಯ: ರೇಸಿಗೆ ಬಂದ ಮೊದಲ ವರ್ಷ ಪವರ್ ಮೀಟರ್ ಬೇಡ. ಆ ದುಡ್ಡಿನಲ್ಲಿ ಒಳ್ಳೆಯ ಟೈರ್, ಎದೆಗೆ ಕಟ್ಟುವ ಬಡಿತದ ಪಟ್ಟಿ, ಹೆಲ್ಮೆಟ್, ದಿನಾ ಎರಡು ಮೊಟ್ಟೆ (ಈ ಮೊಟ್ಟೆ ಕೋಳಿಯದು) ಇವೆಲ್ಲ ಬಂದು ಇನ್ನೂ ಮಿಗುತ್ತದೆ. ವಿಜಯಪುರ, ಬಾಗಲಕೋಟೆ, ಜಮಖಂಡಿ ಕಡೆಯ ಹುಡುಗ ಹುಡುಗಿಯರು ರಾಷ್ಟ್ರಮಟ್ಟದ ಪದಕ ತರುತ್ತಿರುವುದು ಇವತ್ತು ನಿನ್ನೆಯ ಮಾತಲ್ಲ. ಅವರಲ್ಲಿ ಬಹಳ ಜನ ಶುರು ಮಾಡಿದ್ದು ವ್ಯಾಟ್ ನೋಡಿಕೊಂಡಲ್ಲ, ಹಿರಿಯರ ಹಿಂದಿನ ಚಕ್ರ ನೋಡಿಕೊಂಡು.

ಎರಡನೇ ವರ್ಷದ ಕಥೆ ಬೇರೆ. ತುಳಿದದ್ದೆಲ್ಲ ಫಲ ಕೊಡುವ ಕಾಲ ಮುಗಿದಿರುತ್ತದೆ. ಯಾವ ದಿನ ಎಷ್ಟು ತುಳಿಯಬೇಕು, ಅದಕ್ಕಿಂತ ಮುಖ್ಯವಾಗಿ ಯಾವ ದಿನ ತುಳಿಯಬಾರದು ಅನ್ನುವುದು ಗೊತ್ತಾಗಬೇಕು. 20 ನಿಮಿಷ ಪೂರಾ ಶಕ್ತಿ ಹಾಕಿ, ಬಂದ ಸರಾಸರಿಯಲ್ಲಿ ಶೇ 95 ತೆಗೆದುಕೊಂಡರೆ ಒಂದು ಗಂಟೆ ತಡೆದುಕೊಳ್ಳಬಲ್ಲ ವ್ಯಾಟ್‌ನ ಅಂದಾಜು ಸಿಗುತ್ತದೆ. ತರಬೇತಿಯ ಲೆಕ್ಕವೆಲ್ಲ ಅದರ ಮೇಲೆ ನಿಂತಿದೆ. ಟೈಮ್ ಟ್ರಯಲ್‌ನಲ್ಲಂತೂ ಒಬ್ಬನೇ ಗಡಿಯಾರದ ವಿರುದ್ಧ ಓಡಿಸಬೇಕು, ಹಿಂದೆ ಬಚ್ಚಿಟ್ಟುಕೊಳ್ಳಲು ಯಾರೂ ಇರುವುದಿಲ್ಲ. ಬೆಂಗಳೂರಿನ ನವೀನ್ ಜಾನ್ ರಾಷ್ಟ್ರೀಯ ಚಾಂಪಿಯನ್ ಆದದ್ದು ಈ ವಿಭಾಗದಲ್ಲೇ, ಅವರು ಓದಿದ್ದು ಎಂಜಿನಿಯರಿಂಗ್. ಲೆಕ್ಕ ಗೊತ್ತಿದ್ದವರಿಗೆ ಒಲಿಯುವ ಆಟ ಅದು.

ಈಗ ಯಾವುದು ಅನ್ನುವ ವಿಚಾರ. ಬೆಂಗಳೂರಿನ ಒಂದು ಅಂಗಡಿಗೆ ಹೋಗಿದ್ದೆ. ‘ಬ್ರೋ, ಒಂದೇ ಕಾಲು ಅಳೆಯೋದು ತಗೊಂಡ್ರೆ ವೇಸ್ಟು, ಡಬಲ್ ತಗೊಳ್ಳಿ’ ಅಂದರು. ಎಷ್ಟು ವೇಸ್ಟು ಅಂತ ಕೇಳಿದೆ, ಹೇಳಲಿಲ್ಲ. ಮನೆಗೆ ಬಂದು ನಾನೇ ಲೆಕ್ಕ ಹಾಕಿದೆ. ಎಡಗಡೆ ಮೀಟರ್ ಎಡಗಾಲಿನ ವ್ಯಾಟನ್ನು ಎರಡರಿಂದ ಗುಣಿಸಿ ತೋರಿಸುತ್ತದೆ. ನಾನು 200 ವ್ಯಾಟ್ ತುಳಿಯುತ್ತಿದ್ದು, ಅದರಲ್ಲಿ ಎಡಗಾಲಿನ ಪಾಲು ಶೇ 48 ಆದರೆ, 96 ಗುಣಿಸು 2, ತೋರಿಸುವುದು 192. ಎಂಟು ವ್ಯಾಟ್ ಕಡಿಮೆ. ಆದರೆ ನಾಳೆಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ ತೋರಿಸುತ್ತದೆ. ನಮ್ಮ ಮನೆಯ ತಕ್ಕಡಿ ಯಾವಾಗಲೂ ನೂರು ಗ್ರಾಂ ಜಾಸ್ತಿ ತೋರಿಸಿದರೂ ಈ ಬೆಳೆ ಕಳೆದ ಬೆಳೆಗಿಂತ ಹೆಚ್ಚೋ ಕಡಿಮೆಯೋ ಅನ್ನುವುದು ಗೊತ್ತಾಗುತ್ತದಲ್ಲ, ಹಾಗೆ. ಸುಸ್ತಾದಾಗ ಎರಡು ಕಾಲಿನ ಪಾಲು ಬದಲಾಗಬಹುದು, ನಿಜ. ಮಂಡಿಗೆ ಪೆಟ್ಟಾಗಿ ಚೇತರಿಸಿಕೊಳ್ಳುತ್ತಿರುವವರಿಗೆ ಎರಡೂ ಕಡೆಯ ಅಳತೆ ಬೇಕೇಬೇಕು. ಮಿಕ್ಕವರು ಇನ್ನೊಬ್ಬರ ವ್ಯಾಟ್ ಜೊತೆ ಹೋಲಿಸಿ ಜಂಬ ಕೊಚ್ಚಿಕೊಳ್ಳುವುದನ್ನು ಬಿಟ್ಟರೆ ಒಂದು ಕಡೆಯ ಮೀಟರ್ ಸಾಕು.

ಕ್ರ್ಯಾಂಕ್ ಮೀಟರೇ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ಅದು ನಗರದವರ ಲೆಕ್ಕ. ಎಡಗಡೆ ಕ್ರ್ಯಾಂಕ್ ಕೂರಬೇಕಾದರೆ ನಿಮ್ಮ ಸೈಕಲ್ಲಿನ ಅಚ್ಚು ಅದಕ್ಕೆ ಹೊಂದಬೇಕು, ಉದ್ದವೂ ಬಲಗಡೆಯದಕ್ಕೆ ಸರಿಸಮ ಇರಬೇಕು. ನಮ್ಮಂಥವರು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ ಸೈಕಲ್‌ಗಳಲ್ಲಿ ಬಹಳಷ್ಟಕ್ಕೆ ಹಳೇ ಥರದ ಚೌಕ ತುದಿಯ ಅಚ್ಚು. ಶಿಮಾನೊದ ಹೊಸ ಕ್ರ್ಯಾಂಕ್‌ಗಳಿಗೆ ಮಾಡಿದ ಮೀಟರ್ ಅದಕ್ಕೆ ಕೂರುವುದಿಲ್ಲ. ಮೂವತ್ತು ಸಾವಿರದ ಮೀಟರ್ ಹಾಕುವುದಕ್ಕೆ ಕ್ರ್ಯಾಂಕ್ ಸೆಟ್, ಬೇರಿಂಗ್ ಎಲ್ಲ ಬದಲಿಸಬೇಕು. ಆಮೇಲೆ ಸೈಕಲ್ ಮಾರಿದರೆ ಮೀಟರ್ ಹೊಸದಕ್ಕೆ ಹೊಂದುತ್ತದೋ ಇಲ್ಲವೋ. ಪೆಡಲ್ ಹಾಗಲ್ಲ. ಪೆಡಲ್ ಕೂರುವ ತಿರುಪಿನ ಅಳತೆ ಬಹುತೇಕ ಎಲ್ಲ ರೇಸ್ ಸೈಕಲ್‌ಗಳಲ್ಲೂ 9/16 ಇಂಚು. ಒಂದು ಅಲೆನ್ ಕೀ ಇದ್ದರೆ ಐದು ನಿಮಿಷದಲ್ಲಿ ಬಿಚ್ಚಿ ಇನ್ನೊಂದಕ್ಕೆ ಹಾಕಬಹುದು. ಎಡಗಡೆಯ ತಿರುಪು ಮಾತ್ರ ಉಲ್ಟಾ, ಅದು ಸೈಕಲ್ ಶಾಪ್ ಹುಡುಗರಿಗೆಲ್ಲ ಗೊತ್ತು.

ಐದು ನಿಮಿಷದಲ್ಲಿ ಬಿಚ್ಚಬಹುದು ಅಂದಮೇಲೆ ಒಬ್ಬನೇ ಯಾಕೆ ಕೊಳ್ಳಬೇಕು? ಮೀಟರ್ ಕೊಳ್ಳುವ ಬಗ್ಗೆ ಮಾತಾಡುವವರೆಲ್ಲ ಒಬ್ಬ ಮನುಷ್ಯ, ಒಂದು ಸೈಕಲ್, ಒಂದು ಮೀಟರ್ ಅಂತಲೇ ಲೆಕ್ಕ ಹಾಕುತ್ತಾರೆ. ನಮ್ಮಲ್ಲಿ ಔಷಧಿ ಹೊಡೆಯುವ ಪಂಪು ಅಕ್ಕಪಕ್ಕದ ಮನೆಯವರು ಹಂಚಿಕೊಳ್ಳುವುದಿಲ್ಲವೇ? ಯಾರಾದರೂ ಚಂದ್ರಿಕೆ ಸಾಲದೆ ಬಂದರೆ ಇಲ್ಲ ಅಂತೀವಾ? ವಾರವೆಲ್ಲ ವ್ಯಾಟ್ ನೋಡುವ ಅಗತ್ಯ ಯಾರಿಗೂ ಇಲ್ಲ. ನಿಧಾನದ ದಿನಗಳಿಗೆ ಎದೆಬಡಿತದ ಪಟ್ಟಿ ಸಾಕು. ವಾರಕ್ಕೆ ಒಂದು ಅಥವಾ ಎರಡು ಗಟ್ಟಿ ತರಬೇತಿಗೆ, ತಿಂಗಳಿಗೊಮ್ಮೆ ಪರೀಕ್ಷೆಗೆ ಮೀಟರ್ ಬೇಕು. ನಾಲ್ಕು ಜನಕ್ಕೆ ಒಂದು ಧಾರಾಳವಾಗಿ ಸಾಕು. 44 ಸಾವಿರದ್ದಾದರೆ ತಲೆಗೆ 11 ಸಾವಿರ. ಫವೆರೊ ಪೆಡಲ್‌ನಲ್ಲಿ ಒಂದು ಕಡೆಯದನ್ನು ಕೊಂಡು, ಮುಂದೆ ಕೈಲಾದಾಗ ಇನ್ನೊಂದು ಕಡೆಗೂ ಅಳತೆ ಸೇರಿಸಿಕೊಳ್ಳುವ ಅನುಕೂಲವೂ ಇದೆ.

ಹಂಚಿಕೊಳ್ಳುವುದರಲ್ಲಿ ತಾಪತ್ರಯ ಇಲ್ಲ ಅನ್ನುವುದಿಲ್ಲ. ನಾಲ್ಕೂ ಜನರ ಶೂಗೆ ಒಂದೇ ಜಾತಿಯ ಕ್ಲೀಟ್ ಇರಬೇಕು. ಸೈಕಲ್ ಬದಲಿಸಿದಾಗ ಮೊಬೈಲಿನಲ್ಲಿ ಕ್ರ್ಯಾಂಕ್ ಉದ್ದ ಬದಲಿಸಬೇಕು. 170 ಮಿ.ಮೀ. ಇದ್ದದ್ದನ್ನು 172.5ಕ್ಕೆ ಬಿಟ್ಟರೆ ಅಳತೆಯಲ್ಲಿ ಸುಮಾರು ಒಂದೂವರೆ ಪರ್ಸೆಂಟ್ ವ್ಯತ್ಯಾಸ ಬರುತ್ತದೆ. ಪ್ರತಿ ಸಲ ಹೊರಡುವ ಮುಂಚೆ ಸೊನ್ನೆ ಹೊಂದಿಸಬೇಕು, ತಕ್ಕಡಿಗೆ ಮಾಡುವ ಹಾಗೆಯೇ. ಬಿದ್ದರೆ ಮೊದಲು ನೆಲಕ್ಕೆ ತಾಗುವ ಭಾಗಗಳಲ್ಲಿ ಪೆಡಲೂ ಒಂದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕು, ಸೈಕಲ್‌ಗಳಿಗೆ ಪ್ರವೇಶವಿಲ್ಲ. ನಾವು ಸರ್ವಿಸ್ ರಸ್ತೆಯಲ್ಲೋ ಹಳ್ಳಿ ರಸ್ತೆಯಲ್ಲೋ ತುಳಿಯಬೇಕು. ಅಲ್ಲಿ ಜಲ್ಲಿ, ನಾಯಿ, ಹೇಳದೆ ಕೇಳದೆ ತಲೆಯೆತ್ತುವ ಹಂಪ್ ಎಲ್ಲ ಇವೆ. ಬೀಳುವುದಿಲ್ಲ ಅಂತ ಯಾರೂ ಬಾಂಡ್ ಪೇಪರ್ ಮೇಲೆ ಬರೆದುಕೊಡಲಾರರು.

ಅದಕ್ಕೇ ವಾರಂಟಿ ಮುಖ್ಯ. ಹೊರದೇಶದಿಂದ ನೇರವಾಗಿ ತರಿಸಿದರೆ ಐದಾರು ಸಾವಿರ ಉಳಿಯುತ್ತದೆ ಅಂತ ಚನ್ನಪಟ್ಟಣದ ಗೆಳೆಯ ಹಟ ಹಿಡಿದಿದ್ದ. ಕಸ್ಟಮ್ಸ್ ಸುಂಕ ಎಷ್ಟು ಬೀಳುತ್ತದೆ, ಕೆಟ್ಟರೆ ವಾಪಸ್ ಕಳಿಸುವ ಖರ್ಚು ಯಾರದು ಅಂತ ಕೇಳಿದಾಗ ಸುಮ್ಮನಾದ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಮಾರುವವರ ಎದುರೇ ನಮ್ಮ ಸೈಕಲ್‌ಗೆ ಹಾಕಿ, ಅರ್ಧ ಗಂಟೆ ತುಳಿದು, ಮಧ್ಯದಲ್ಲಿ ಅಂಕಿ ಮಾಯವಾಗುತ್ತದೋ ನೋಡಬೇಕು. ಆಮೇಲೆ ಗೊತ್ತಿರುವ ಏರಿಗೆ ಕರೆದುಕೊಂಡು ಹೋಗಿ, ಮೇಲೆ ಹೇಳಿದ ಗುಣಾಕಾರ ಭಾಗಾಕಾರ ಮಾಡಿ ಹೋಲಿಸಬೇಕು. ಲೆಕ್ಕಕ್ಕೂ ಮೀಟರಿಗೂ ಹತ್ತಿಪ್ಪತ್ತು ವ್ಯಾಟ್ ವ್ಯತ್ಯಾಸ ಬಂದರೆ ಸಹಜ. ಅರವತ್ತು ಬಂದರೆ ಕೈಮುಗಿದು ವಾಪಸ್ ಬನ್ನಿ.

ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ನಾಲ್ಕು ಜನ ಹುಡುಗರು ಗೂಡಿನ ದುಡ್ಡು ಕೂಡಿಸಿ ಒಂದು ಮೀಟರ್ ತರಬಹುದಾದರೆ, ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಜಿಲ್ಲೆಗೆ ಒಂದು ಜೊತೆ ಪೆಡಲ್ ತರಲು ಎಷ್ಟು ಹೊತ್ತು? ಜಿಲ್ಲಾ ಕ್ರೀಡಾಂಗಣದಲ್ಲಿ ಇಟ್ಟು, ತಿಂಗಳಲ್ಲಿ ಒಂದು ಭಾನುವಾರ ಬಂದವರಿಗೆಲ್ಲ 20 ನಿಮಿಷದ ಪರೀಕ್ಷೆ ಮಾಡಿಸಲಿ. ನಿಗದಿತ ದೂರದ ಓಟಕ್ಕೆ ಸ್ಟಾಪ್‌ವಾಚ್ ಹಿಡಿದು ನಿಲ್ಲುವವರಿದ್ದಾರೆ, ತುಳಿತಕ್ಕೂ ಒಬ್ಬರು ನಿಲ್ಲಲಿ. ಯಾವ ಹುಡುಗಿ ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೋಗುತ್ತಾ ಕಿಲೋಗೆ ನಾಲ್ಕು ವ್ಯಾಟ್ ತುಳಿಯುತ್ತಿದ್ದಾಳೋ ಯಾರಿಗೆ ಗೊತ್ತು. ಅವಳು ಮೀಟರ್ ಕೊಂಡು ಬಂದು ತೋರಿಸಲಿ ಅಂತ ಕಾಯುವುದಾದರೆ ಅವಳು ಬರುವುದೇ ಇಲ್ಲ.

ನಾವು ನಾಲ್ವರು ಒಪ್ಪಂದದ ಚೀಟಿ ಬರೆದಿದ್ದೇವೆ. ಯಾರ ಸರದಿಯೋ ಅವರೇ ಚಾರ್ಜ್ ಮಾಡಬೇಕು, ತೊಳೆದು ಕೊಡಬೇಕು. ಬಿದ್ದು ಮುರಿದರೆ ಅರ್ಧ ಬಿದ್ದವನದು, ಅರ್ಧ ಮಿಕ್ಕ ಮೂವರದು. ರೋಡ್ ರೇಸ್ ದಿನ ಯಾರ ಸೈಕಲ್‌ಗೂ ಬೇಡ, ಅಲ್ಲಿ ಗುಂಪು ಹೋದ ಹಾಗೆ ಹೋಗಬೇಕು, ಅಂಕಿ ನೋಡಿಕೊಂಡು ಕೂತರೆ ಹಿಂದೆ ಬೀಳುತ್ತೇವೆ. ಟೈಮ್ ಟ್ರಯಲ್ ಒಂದು ಮಾತ್ರ ಇನ್ನೂ ಬಗೆಹರಿದಿಲ್ಲ. ಒಬ್ಬೊಬ್ಬರನ್ನು ನಿಮಿಷಕ್ಕೊಬ್ಬರಂತೆ ಬಿಡುತ್ತಾರೆ, ಪೆಡಲ್ ಬದಲಿಸುವುದಕ್ಕೆ ಐದು ನಿಮಿಷ ಬೇಕು. ಚೀಟಿ ಎತ್ತೋಣ ಅಂತ ಒಬ್ಬ, ತಿಂಗಳ ಪರೀಕ್ಷೆಯಲ್ಲಿ ಯಾರು ಮುಂದಿದ್ದಾರೋ ಅವರಿಗೆ ಕೊಡೋಣ ಅಂತ ಇನ್ನೊಬ್ಬ. ನಾನು ಚೀಟಿಯ ಪರ.