ಔಷಧಿಯಂಗಡಿಯ ರಿಜಿಸ್ಟರೂ ಪಠ್ಯವಾಗಬೇಕು

ಭಾರತದ ಫಾರ್ಮಸಿ ವಿದ್ಯಾರ್ಥಿಗೆ ಆರೋಗ್ಯ ವ್ಯವಸ್ಥೆಯ ಪರಿಚಯವಾಗುವುದು ಬಹುಮಟ್ಟಿಗೆ ಪಠ್ಯಪುಸ್ತಕದ ಒಂದು ಚಿತ್ರದಿಂದ: ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ, ಜಿಲ್ಲಾಸ್ಪತ್ರೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುವ ಚಿತ್ರವದು. ಅದು ಸುಳ್ಳಲ್ಲ, ಆದರೆ ಅದು ಸರ್ಕಾರ ಕಟ್ಟಹೊರಟ ವ್ಯವಸ್ಥೆಯ ನಕ್ಷೆಯೇ ಹೊರತು, ಜ್ವರ ಬಂದವರು ಮೊದಲು ಯಾರ ಬಾಗಿಲು ತಟ್ಟುತ್ತಾರೆ, ಯಾರಿಗೆ ಎಷ್ಟು ತೆರುತ್ತಾರೆ ಎಂಬುದನ್ನು ತಿಳಿಸುವುದಿಲ್ಲ. ಅದನ್ನು ತಿಳಿಸುವ ಬರಹಗಳು, ಪತ್ರಿಕೆಯ ವರದಿಯಿಂದ ಅಂಗಡಿಯ ರಿಜಿಸ್ಟರಿನವರೆಗೆ, ಪಠ್ಯದ ಹೊರಗಿವೆ.

ಅವುಗಳಲ್ಲಿ ಅತ್ಯಂತ ಬೆಲೆಯುಳ್ಳದ್ದು ಔಷಧಿಯಂಗಡಿಯಲ್ಲೇ ಇದೆ. 2014ರ ಮಾರ್ಚ್‌ನಿಂದ ಜಾರಿಗೆ ಬಂದ ಎಚ್1 ಅನುಸೂಚಿ, ಅಂದರೆ ಹಲವು ಪ್ರಬಲ ಆ್ಯಂಟಿಬಯೋಟಿಕ್‌, ಕ್ಷಯದ ಔಷಧಿ ಮತ್ತು ಚಟ ಹಿಡಿಸಬಲ್ಲ ಕೆಲವು ಮಾತ್ರೆಗಳ ಪಟ್ಟಿ, ಅವುಗಳ ಪ್ರತಿ ಮಾರಾಟವನ್ನೂ ಪ್ರತ್ಯೇಕ ರಿಜಿಸ್ಟರಿನಲ್ಲಿ ಬರೆದು, ಅದನ್ನು 3 ವರ್ಷ ಕಾಪಾಡಬೇಕೆಂದು ವಿಧಿಸುತ್ತದೆ. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಕೊಟ್ಟ ಪ್ರಮಾಣ: ಇಷ್ಟೇ ಕಾಲಂಗಳು. ಐದು ದಿನದ ಆ್ಯಂಟಿಬಯೋಟಿಕ್‌ ಬರೆದಿದ್ದ ಚೀಟಿಗೆ ಎರಡೇ ದಿನದ ಮಾತ್ರೆ ಹೋಗಿದ್ದರೆ, ಪ್ರಮಾಣದ ಕಾಲಂನ ಆ ಸಣ್ಣ ಅಂಕಿಯಲ್ಲಿ ಕೈಯಲ್ಲಿದ್ದ ಹಣವೂ, ಔಷಧಿಗೆ ಮಣಿಯದ ರೋಗಾಣುವಿನ ಮುಂದಿನ ಕಥೆಯೂ ಒಟ್ಟಿಗೆ ಅಡಗಿರಬಹುದು.

ಒಂದಂಗಡಿಯ ಈ ನೋಟವನ್ನು ದೇಶದ ಲೆಕ್ಕದೊಂದಿಗೆ ಇಟ್ಟು ಓದಬೇಕು. ರಾಷ್ಟ್ರೀಯ ಆರೋಗ್ಯ ಲೆಕ್ಕಪತ್ರಗಳ ಪ್ರಕಾರ, ಒಟ್ಟು ಆರೋಗ್ಯ ವೆಚ್ಚದಲ್ಲಿ ಕುಟುಂಬಗಳು ನೇರವಾಗಿ ಜೇಬಿನಿಂದ ತೆತ್ತ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿಕೆ ದೊಡ್ಡದೇ; ಆದರೂ ಆ ಸರಾಸರಿಯೊಳಗೆ ಎರಡೇ ದಿನದ ಮಾತ್ರೆ ಕೊಂಡವರು ಕಾಣುವುದಿಲ್ಲ, ಏಕೆಂದರೆ ಕೊಳ್ಳದೆ ಬಿಟ್ಟ ಔಷಧಿ ಯಾವ ವೆಚ್ಚದ ಲೆಕ್ಕಕ್ಕೂ ಸೇರುವುದಿಲ್ಲ.

ಇಂಥ ಆಕರಗಳು ಅಪೂರ್ಣ, ಪಕ್ಷಪಾತಿ ಎಂಬ ಆಕ್ಷೇಪ ನ್ಯಾಯವಾದದ್ದು. ಚೀಟಿಯಿಲ್ಲದೆ ಮಾರಿದ್ದನ್ನು ರಿಜಿಸ್ಟರು ಹೇಳುವುದಿಲ್ಲ. ಪತ್ರಿಕೆ ಔಷಧಿಯ ಕೊರತೆಯನ್ನು ಸುದ್ದಿ ಮಾಡುವಷ್ಟು ಪೂರೈಕೆಯನ್ನು ಸುದ್ದಿ ಮಾಡುವುದಿಲ್ಲ. ಆದರೆ ಆಕರವನ್ನು ತೂಗಿ ನೋಡುವ ಈ ಅಭ್ಯಾಸ, ಮುಂದೆ ಕಂಪನಿಯ ಪ್ರತಿನಿಧಿ ತರುವ ಹೊಳಪು ಕಾಗದವನ್ನು ಓದಬೇಕಾದವರಿಗೆ ಅಗತ್ಯವಾಗಿ ಬೇಕು. ಪರೀಕ್ಷೆ ಮೆಟ್ಟಿಲುಗಳ ಹೆಸರನ್ನಷ್ಟೇ ಕೇಳುವವರೆಗೆ ವಿದ್ಯಾರ್ಥಿ ಅದನ್ನಷ್ಟೇ ಓದುತ್ತಾನೆ. ರೋಗಿಗಳ ಮತ್ತು ವೈದ್ಯರ ಹೆಸರು ಮರೆಮಾಡಿದ ರಿಜಿಸ್ಟರಿನ ಒಂದು ಪುಟವನ್ನು ಪ್ರಶ್ನೆಪತ್ರಿಕೆಯಲ್ಲೇ ಅಚ್ಚುಮಾಡಿ, ಅದು ಏನು ಹೇಳುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂದು ಕೇಳಲು ಪಠ್ಯಕ್ರಮದ ಯಾವ ತಿದ್ದುಪಡಿಗೂ ಕಾಯಬೇಕಾಗಿಲ್ಲ.